ಅಮೆರಿಕನ್ ಅಂದ್ರೆ ಯಾರು? ಅಜ್ಜಂದಿರಿಂದ ಬರೋದಾ, ಕಾಗದದಿಂದ ಬರೋದಾ?

ಡೇಟನ್_ಕನ್ನಡಿಗ:

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ನನಗೂ ಹೆಂಡತಿಗೂ ಅಮೆರಿಕದ ಪೌರತ್ವ ಸಿಕ್ಕಿತು. ಆಮೇಲಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ನೀವೆಲ್ಲ ಏನಂತೀರಿ ಅಂತ ಕೇಳೋಣ ಅನ್ನಿಸಿತು.

ನನ್ನ ಜೊತೆ ಕೆಲಸ ಮಾಡುವ ಒಬ್ಬರ ತಾಯಿ 'ಡಾಟರ್ಸ್ ಆಫ್ ದಿ ಅಮೆರಿಕನ್ ರೆವಲ್ಯೂಷನ್' ಸಂಘದ ಸದಸ್ಯೆ. 1890ರಲ್ಲಿ ಶುರುವಾದ ಸಂಘ ಅದು. ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದವರ ಅಥವಾ ಅದಕ್ಕೆ ನೆರವಾದವರ ನೇರ ವಂಶ ಅಂತ ತೋರಿಸಿದರೆ ಮಾತ್ರ ಸೇರಿಸಿಕೊಳ್ಳುತ್ತಾರೆ. ಅವರ ಅರ್ಜಿಯ ಕಟ್ಟು ನೋಡಿದೆ. ಒಂದೊಂದು ತಲೆಮಾರಿಗೂ ಹುಟ್ಟು, ಮದುವೆ, ಸಾವು, ಮೂರಕ್ಕೂ ದಾಖಲೆ. ಚರ್ಚ್ ರಿಜಿಸ್ಟರಿನ ಪುಟ, ಉಯಿಲಿನ ನಕಲು, ಅಕ್ಷರ ಸವೆದ ಗೋರಿಕಲ್ಲಿನ ಫೋಟೊ. ನಿಜ ಹೇಳಬೇಕಂದ್ರೆ ಆ ಶ್ರದ್ಧೆ ನನಗೆ ತುಂಬಾ ಇಷ್ಟವಾಯಿತು.

ಆದ್ರೆ ಇದೇ ಮಾತು ಈಗ ರಾಜಕೀಯಕ್ಕೂ ಬಂದಿದೆ. 'ಹೆರಿಟೇಜ್ ಅಮೆರಿಕನ್', ಅಂದ್ರೆ ತಲೆಮಾರುಗಳಿಂದ ಇಲ್ಲೇ ಇರುವ ಮನೆತನದವರು, ಅಂತ ಒಂದು ಗುಂಪನ್ನೇ ಬೇರೆ ಮಾಡಿ ಮಾತಾಡುತ್ತಾರೆ. 2024ರ ಜುಲೈನಲ್ಲಿ ಮಿಲ್ವಾಕಿಯ ರಿಪಬ್ಲಿಕನ್ ಪಕ್ಷದ ಸಮಾವೇಶದಲ್ಲಿ, ಆಗ ಉಪಾಧ್ಯಕ್ಷ ಹುದ್ದೆಯ ಅಭ್ಯರ್ಥಿಯಾಗಿದ್ದ ಜೆ.ಡಿ. ವ್ಯಾನ್ಸ್ ಪೂರ್ವ ಕೆಂಟಕಿಯ ಗುಡ್ಡದ ಮೇಲಿರುವ ತಮ್ಮ ಮನೆತನದ ಗೋರಿಗಳ ಬಗ್ಗೆ ಹೇಳಿದ್ದು ನೆನಪಿರಬೇಕು. ತಾವೂ ಮಕ್ಕಳೂ ಅಲ್ಲಿ ಮಣ್ಣಾದರೆ ಏಳು ತಲೆಮಾರಾಗುತ್ತದೆ ಅಂದರು. ಅಮೆರಿಕ ಬರೀ ಒಂದು ವಿಚಾರ ಅಲ್ಲ, ಒಂದೇ ಇತಿಹಾಸ ಹಂಚಿಕೊಂಡ ಜನ ಅನ್ನುವುದು ಅವರ ವಾದ. ಅವರ ಅತ್ತೆ ಮಾವ ನಮ್ಮ ಪಕ್ಕದ ಆಂಧ್ರದ ಕಡೆಯವರು ಅನ್ನೋದು ಬೇರೆ ಮಾತು.

ನಂದು ಕಾನೂನಿನ ಪ್ರಶ್ನೆ ಅಲ್ಲ. ಪಾಸ್‌ಪೋರ್ಟ್ ಎಲ್ಲರದ್ದೂ ಒಂದೇ ಬಣ್ಣ. ಏಳು ತಲೆಮಾರಿನ ಗೋರಿ ಇರುವವರಿಗೂ ಮೊನ್ನೆ ಕೈಯೆತ್ತಿ ಪ್ರಮಾಣ ಮಾಡಿದ ನನಗೂ ಈ ದೇಶದ ಮೇಲೆ ಒಂದೇ ಸಮ ಹಕ್ಕಿದೆಯಾ? ಮನಸ್ಸಿಗೆ ಅನ್ನಿಸಿದ್ದು ಹೇಳಿ.

ಹುಬ್ಳಿ_ಹೈದ_ಷಿಕಾಗೊ:

ಇದಕ್ಕೆ ಲಿಂಕನ್ ಅವತ್ತೇ ಉತ್ತರ ಕೊಟ್ಟಾನ ನೋಡ್ರಿ. ನಾನಿರುವ ಊರಲ್ಲೇ, 1858ರ ಜುಲೈ 10ಕ್ಕೆ. ಜುಲೈ ನಾಲ್ಕರ ಹಬ್ಬ ಆಗಿ ಆರು ದಿನ ಕಳೆದಿತ್ತು. ಅವನ ಮಾತಿನ ಸಾರ ಇಷ್ಟು: ನಮ್ಮಲ್ಲಿ ಸುಮಾರು ಅರ್ಧ ಜನ ಆ ಹಳೆ ಹೋರಾಟಗಾರರ ವಂಶದವರೇ ಅಲ್ಲ. ಜರ್ಮನ್ನರು, ಐರಿಶರು, ಫ್ರೆಂಚರು, ಸ್ಕ್ಯಾಂಡಿನೇವಿಯದವರು. ರಕ್ತದ ನಂಟು ಹುಡುಕಿಕೊಂಡು ಹಿಂದೆ ಹೋದರೆ ಇವರಿಗೆ ಏನೂ ಸಿಗಲ್ಲ. ಆದ್ರೆ ಸ್ವಾತಂತ್ರ್ಯ ಘೋಷಣೆ ತೆರೆದು 'ಎಲ್ಲ ಮನುಷ್ಯರೂ ಸಮಾನರು' ಅನ್ನೋ ಮಾತು ಓದಿದಾಗ, ಅದನ್ನು ಬರೆದವರ ರಕ್ತ ಮಾಂಸ ಹಂಚಿಕೊಂಡು ಹುಟ್ಟಿದವರ ಹಾಗೆಯೇ ಅದು ತಮ್ಮದು ಅನ್ನುವ ಹಕ್ಕು ಇವರಿಗೂ ಇದೆ.

ಗೋರಿ ಎಣಿಸುವವರು ಎಣಿಸಲಿ ಬಿಡ್ರಿ. ನೀವು ಪ್ರಮಾಣ ಮಾಡಿದ ದಿನವೇ ನಿಮ್ಮ ಹಕ್ಕು ಪೂರ್ತಿ ಆತು.

ಅಟ್ಲಾಂಟಾ_ಅಕ್ಕ:

ತಮ್ಮಾ, ಲಿಂಕನ್ನನ ಆ ಭಾಷಣ ಚೆನ್ನಾಗಿದೆ, ಒಪ್ಪಿದೆ. ಆದ್ರೆ ಎರಡೇ ತಿಂಗಳಾದ ಮೇಲೆ, ಅದೇ ಇಲಿನಾಯ್‌ನ ಚಾರ್ಲ್ಸ್‌ಟನ್ನಿನ ವಾಗ್ವಾದದಲ್ಲಿ, ಕರಿಯರಿಗೆ ಮತ ಕೊಡಬೇಕು, ಜ್ಯೂರಿಯಲ್ಲಿ ಕೂರಿಸಬೇಕು ಅಂತ ನಾನು ಹೇಳುವವನಲ್ಲ ಅಂದದ್ದೂ ಅವನೇ. ಆ ಪಟ್ಟಿಯಲ್ಲಿ ಜರ್ಮನ್ನರಿದ್ದಾರೆ, ಐರಿಶರಿದ್ದಾರೆ. ಅವನ ಕಾಲದಲ್ಲೇ ಇನ್ನೂರು ವರ್ಷದಿಂದ ಇಲ್ಲಿದ್ದವರು ಇಲ್ಲ.

ಪೂರ್ವಜರೇ ಅಳತೆಗೋಲು ಅಂದುಕೊಳ್ಳೋಣ. ಹಾಗಾದ್ರೆ ಮೊದಲ ಸಾಲಲ್ಲಿ ಯಾರು ನಿಲ್ಲಬೇಕು? ಆಫ್ರಿಕದಿಂದ ಹಿಡಿದು ತಂದವರು ವರ್ಜೀನಿಯಕ್ಕೆ ಬಂದಿಳಿದದ್ದು 1619ರಲ್ಲಿ. ಹೊರಗಿನಿಂದ ಗುಲಾಮರನ್ನು ತರುವುದನ್ನು 1808ರಲ್ಲೇ ನಿಲ್ಲಿಸಿದರು. ಕದ್ದು ತಂದವರು ಇದ್ದರು, ನಿಜ. ಆದ್ರೂ ಗುಲಾಮರ ವಂಶದ ಬಹುತೇಕ ಕರಿಯರ ಪೂರ್ವಜರು ಅದಕ್ಕೂ ಮುಂಚೆ ಬಂದವರೇ. ಯುರೋಪಿನಿಂದ ವಲಸೆ ಬಂದವರನ್ನು ಇಳಿಸಿಕೊಳ್ಳುತ್ತಿದ್ದ ನ್ಯೂಯಾರ್ಕಿನ ಎಲಿಸ್ ಐಲ್ಯಾಂಡ್ ಬಾಗಿಲು ತೆರೆದದ್ದು 1892ರಲ್ಲಿ. ಲೆಕ್ಕ ನೀವೇ ಹಾಕಿ.

ನನ್ನ ಜೊತೆ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಬ್ಬ ನರ್ಸ್ ತಮ್ಮ ವಂಶ ಹುಡುಕುತ್ತಿದ್ದಾರೆ. ಜಾರ್ಜಿಯದವರೇ, ಕರಿಯರು. ಊಟದ ಬಿಡುವಿನಲ್ಲಿ ಲ್ಯಾಪ್‌ಟಾಪ್ ತೆರೆದು ತೋರಿಸಿದರು. 1870ರ ಜನಗಣತಿವರೆಗೆ ಸಲೀಸಾಗಿ ಹೋಗಬಹುದು. ಅಜ್ಜನ ಅಜ್ಜನ ಹೆಸರು, ವಯಸ್ಸು, ಕಸುಬು ಎಲ್ಲ ಇದೆ. ಅದರ ಹಿಂದೆ ಹೋದರೆ ಗೋಡೆ. 1850 ಮತ್ತು 1860ರಲ್ಲಿ ಗುಲಾಮರದ್ದು ಬೇರೆ ಪಟ್ಟಿ. ಎಡಗಡೆ ಒಡೆಯನ ಹೆಸರು. ಅದರ ಕೆಳಗೆ ಒಂದೊಂದು ಸಾಲಿಗೆ ಒಬ್ಬರು: ವಯಸ್ಸು, ಗಂಡೋ ಹೆಣ್ಣೋ, ಬಣ್ಣ. ಹೆಸರೇ ಇಲ್ಲ. '34, ಗಂಡು, ಕಪ್ಪು' ಅಂತ ಒಂದು ಸಾಲಿನ ಮೇಲೆ ಬೆರಳಿಟ್ಟು, ಇವರು ನಮ್ಮವರೇ ಇರಬಹುದು ಅಂದರು. ಇರಬಹುದು, ಅಷ್ಟೇ.

ಹೆಸರಿದ್ದವರಿಗೆ ಆ ಸಂಘದ ಅರ್ಜಿ ತುಂಬುವುದು ಶ್ರಮದ ಕೆಲಸ. ಇವರಿಗೆ ಅದು ಆಗದ ಕೆಲಸ. ಇದೇ ಸಂಘ 1939ರಲ್ಲಿ ಕರಿಯ ಗಾಯಕಿ ಮರಿಯನ್ ಆಂಡರ್ಸನ್‌ಗೆ ವಾಷಿಂಗ್ಟನ್ನಿನ ತಮ್ಮ ಸಭಾಂಗಣ ಕೊಡಲಿಲ್ಲ. ಸಂಘದ ಸದಸ್ಯೆಯಾಗಿದ್ದ ಆಗಿನ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್ ರಾಜೀನಾಮೆ ಕೊಟ್ಟು ಹೊರಬಂದರು. ಆಂಡರ್ಸನ್ ಈಸ್ಟರ್ ದಿನ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಹಾಡಿದರು.

ಡೇಟನ್_ಕನ್ನಡಿಗ:

ಅಕ್ಕಾ, ಆ ಪಟ್ಟಿಯ ವಿಷಯ ಗೊತ್ತಿರಲಿಲ್ಲ. ಈಗಲೇ ಹುಡುಕಿ ನೋಡಿದೆ. ಒಂದು ಪುಟ ನೋಡುವಷ್ಟರಲ್ಲಿ ಸಾಕಾಯಿತು.

ಕಾವೇರಿ_ಸ್ಯಾಕ್ರಮೆಂಟೊ:

ನಮ್ಮವರ ಕಥೆ ಯಾರೂ ಎತ್ತಲಿಲ್ಲವಲ್ಲ. 'ನಮ್ಮವರು' ಅಂದ್ರೆ ಪಂಜಾಬಿಗಳು. ಕನ್ನಡದವರು ಇಲ್ಲಿಗೆ ದಂಡಿಯಾಗಿ ಬಂದದ್ದು 1965ರ ವಲಸೆ ಕಾನೂನಿನ ನಂತರ. ಅದಕ್ಕೂ ಅರವತ್ತು ವರ್ಷ ಮುಂಚೆ ಇವರು ಕ್ಯಾಲಿಫೋರ್ನಿಯದ ಹೊಲಗಳಲ್ಲಿದ್ದರು. ಸ್ಟಾಕ್ಟನ್ನಿನ ಗುರುದ್ವಾರ 1912ರದ್ದು. ನಮ್ಮ ಮನೆಯಿಂದ ಒಂದು ಗಂಟೆ ದಾರಿ.

ಭಗತ್ ಸಿಂಗ್ ಥಿಂಡ್ ಅಂತ ಒಬ್ಬರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಸೇರಿದರು. 1918ರ ಡಿಸೆಂಬರಿನಲ್ಲಿ ಸಮವಸ್ತ್ರದಲ್ಲೇ ಹೋಗಿ ಪೌರತ್ವ ತೆಗೆದುಕೊಂಡರು. ನಾಲ್ಕೇ ದಿನಕ್ಕೆ ಅದು ರದ್ದು. 1920ರಲ್ಲಿ ಆರೆಗಾನ್‌ನಲ್ಲಿ ಮತ್ತೆ ಸಿಕ್ಕಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಆಗಿನ ಕಾನೂನು 1790ರದ್ದು: ಬಿಳಿಯರಿಗೆ ಮಾತ್ರ ಪೌರತ್ವ. 1870ರಲ್ಲಿ ಆಫ್ರಿಕ ಮೂಲದವರನ್ನು ಸೇರಿಸಿದ್ದರು. ಏಷ್ಯದವರು ಎರಡೂ ಕಡೆ ಇಲ್ಲ.

1922ರಲ್ಲಿ ಜಪಾನಿನ ತಕಾವೊ ಒಜಾವ ಅವರ ಕೇಸಿನಲ್ಲಿ ಇದೇ ಕೋರ್ಟು, ಬಿಳಿಯರು ಅಂದ್ರೆ ಕಕೇಶಿಯನ್ ಅನ್ನುವ ಜನಾಂಗದವರು ಅಂದಿತ್ತು. ಒಜಾವ ಕಕೇಶಿಯನ್ ಅಲ್ಲ, ಹೋಗಿ. ಮೂರು ತಿಂಗಳಾದ ಮೇಲೆ, 1923ರ ಫೆಬ್ರವರಿಯಲ್ಲಿ ಥಿಂಡ್ ಸರದಿ. ಆಗಿನ ಪಂಡಿತರ ಪ್ರಕಾರ ಉತ್ತರ ಭಾರತದವರು ಕಕೇಶಿಯನ್ ಪಟ್ಟಿಯಲ್ಲೇ ಇದ್ದರು. ಈಗ ಕೋರ್ಟ್ ಏನಂತು ಗೊತ್ತಾ? ವಿಜ್ಞಾನ ಏನೇ ಹೇಳಲಿ, ಸಾಮಾನ್ಯ ಮನುಷ್ಯನ ತಿಳಿವಳಿಕೆಯಲ್ಲಿ ಇವರು ಬಿಳಿಯರಲ್ಲ. ಎರಡೂ ತೀರ್ಪು ಬರೆದದ್ದು ಒಬ್ಬರೇ, ನ್ಯಾಯಮೂರ್ತಿ ಸದರ್‌ಲ್ಯಾಂಡ್.

ಆಮೇಲೆ ಮೊದಲೇ ಪೌರತ್ವ ಸಿಕ್ಕಿದ್ದ ಭಾರತೀಯರಿಂದಲೂ ಕಿತ್ತುಕೊಂಡರು. ವೈಷ್ಣೋ ದಾಸ್ ಬಗಾಯ್ ಅಂತ ಪೇಶಾವರದ ಕಡೆಯವರು. 1915ರಲ್ಲಿ ಹೆಂಡತಿ ಕಲಾ ಮತ್ತು ಮೂವರು ಗಂಡುಮಕ್ಕಳ ಜೊತೆ ಬಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಂಗಡಿ ಇಟ್ಟಿದ್ದರು. ಪೌರತ್ವ ಹೋದ ಮೇಲೆ ಅಂಗಡಿ, ಮನೆ ಎಲ್ಲ ಕೈಬಿಟ್ಟವು. ಊರಿಗೆ ಹೋಗಿಬರಲು ಅಮೆರಿಕದ ಪಾಸ್‌ಪೋರ್ಟೂ ಇಲ್ಲ. 1928ರಲ್ಲಿ ಪ್ರಾಣ ಕಳೆದುಕೊಂಡರು. ಪತ್ರಿಕೆಗೆ ಪತ್ರ ಬರೆದಿಟ್ಟೇ ಹೋದರು.

ಈ ಕಲಾ ಅವರ ಕುಟುಂಬ ಬರ್ಕ್ಲಿಯಲ್ಲಿ ಮನೆ ಕೊಂಡು ಸಾಮಾನು ತಂದಾಗ ಅಕ್ಕಪಕ್ಕದವರು ಬಾಗಿಲಿಗೆ ಬೀಗ ಹಾಕಿ ಒಳಗೆ ಬಿಡಲಿಲ್ಲ. ಈಗ ಅದೇ ಬರ್ಕ್ಲಿಯ ಪೇಟೆ ನಡುವೆ ಒಂದು ರಸ್ತೆಗೆ ಕಲಾ ಬಗಾಯ್ ಅವರ ಹೆಸರಿದೆ. ಆ ಕಡೆ ಹೋದರೆ ಬೋರ್ಡ್ ನೋಡಿ ಬನ್ನಿ.

ಹುಬ್ಳಿ_ಹೈದ_ಷಿಕಾಗೊ:

ಕಾವೇರಿಯವರೇ, ನೀವು ಹೇಳಿದ್ದೆಲ್ಲ ಖರೆ. ಆದ್ರೆ ಕಥಿ ಅಲ್ಲಿಗೆ ಮುಗಿಲಿಲ್ಲ ಅಲ್ವಾ? 1946ರಲ್ಲಿ ಕಾನೂನು ಬದಲಾಯಿತು. ವರ್ಷಕ್ಕೆ ನೂರು ಜನ ಅಂತ ಕೋಟಾ ಇಟ್ಟರು, ನಗು ಬರುತ್ತದೆ, ಆದ್ರೆ ಇಲ್ಲಿದ್ದವರಿಗೆ ಪೌರತ್ವದ ಬಾಗಿಲು ತೆರೆಯಿತು. ದಲೀಪ್ ಸಿಂಗ್ ಸೌಂದ್ 1949ರಲ್ಲಿ ಪೌರರಾದರು, 1956ರಲ್ಲಿ ಕ್ಯಾಲಿಫೋರ್ನಿಯದಿಂದ ಅಮೆರಿಕದ ಸಂಸತ್ತಿಗೇ ಆರಿಸಿ ಬಂದರು. ಏಳೇ ವರ್ಷ! ಯಾವ ದೇಶದಲ್ಲಿ ಹಿಂಗಾಗುತ್ತದೆ ಹೇಳ್ರಿ. ಬರೀ ನೋವಿನ ಪಟ್ಟಿ ಓದಿದರೆ ಲೆಕ್ಕ ಅರ್ಧ ಆಗುತ್ತದೆ.

ನ್ಯೂಜೆರ್ಸಿ_ನಾಗು:

ನೀವೆಲ್ಲ ಇತಿಹಾಸ ಮಾತಾಡಿ. ನಾನು ಇವತ್ತಿನ ಮಾತು ಹೇಳುತ್ತೇನೆ.

ಕೆಲಸದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಯಾವುದೇ ಒಂದು ದೇಶಕ್ಕೆ ಮಾಮೂಲಾಗಿ ಶೇಕಡಾ 7ಕ್ಕಿಂತ ಜಾಸ್ತಿ ಇಲ್ಲ. ಆ ದೇಶ ಯಾವುದು ಅಂತ ನೋಡುವುದು ಪಾಸ್‌ಪೋರ್ಟಿನಿಂದ ಅಲ್ಲ, ಹುಟ್ಟಿದ ಜಾಗದಿಂದ. ನಮ್ಮ ಅಣ್ಣ ದಾವಣಗೆರೆಯಲ್ಲಿ ಹುಟ್ಟಿದವನು. ಅತ್ತಿಗೆಯ ಅಪ್ಪ ಕುವೈತಿನಲ್ಲಿ ಕೆಲಸದಲ್ಲಿದ್ದರು, ಹಾಗಾಗಿ ಅವರು ಹುಟ್ಟಿದ್ದು ಅಲ್ಲಿ. ಇಬ್ಬರದ್ದೂ ಭಾರತದ ಪಾಸ್‌ಪೋರ್ಟೇ, ಇಬ್ಬರೂ ಅಪ್ಪಟ ಬೆಣ್ಣೆದೋಸೆ ಗಿರಾಕಿಗಳೇ. ಅತ್ತಿಗೆಯ ಲೆಕ್ಕದಲ್ಲಿ ಅಣ್ಣನೂ ಕುವೈತ್ ಸಾಲಿಗೆ ಸೇರಿ ಕಾರ್ಡ್ ಪಡೆದ. ನಾನು ಇನ್ನೂ ಸಾಲಲ್ಲೇ ಇದ್ದೇನೆ.

ನನ್ನ ಮಗಳು ಇಲ್ಲೇ ಹುಟ್ಟಿದವಳು. ಅಪ್ಪ ಎಚ್-1ಬಿ (ಕೆಲಸದ ವೀಸಾ), ಅಮ್ಮ ಎಚ್-4 (ಅವರ ಮನೆಯವರ ವೀಸಾ), ಮಗಳು ಅಮೆರಿಕನ್. 2025ರ ಜನವರಿಯಲ್ಲಿ ಟ್ರಂಪ್ ಹೊರಡಿಸಿದ ಆದೇಶ, ನಮ್ಮಂಥವರಿಗೆ ಮುಂದೆ ಇಲ್ಲಿ ಹುಟ್ಟುವ ಮಕ್ಕಳಿಗೆ ಪೌರತ್ವ ಇಲ್ಲ ಅನ್ನುವುದಾಗಿತ್ತು. ಅದು ಕೋರ್ಟ್ ಮೆಟ್ಟಿಲೇರಿತು, ಗೊತ್ತೇ ಇದೆ. ಆಗ ನನ್ನ ಹೆಂಡತಿ ರಾತ್ರಿಯೆಲ್ಲ ಕೂತು ವಾಂಗ್ ಕಿಮ್ ಆರ್ಕ್ ಕೇಸ್ ಓದಿದಳು. ಆತ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದವನು. ಚೀನಾಕ್ಕೆ ಹೋಗಿ ವಾಪಸ್ ಬಂದಾಗ ಹಡಗಿನಿಂದ ಇಳಿಯಲು ಬಿಡಲಿಲ್ಲ. ಅಪ್ಪ ಅಮ್ಮ ಪೌರರಾಗುವ ಹಾಗೇ ಇರಲಿಲ್ಲ. ಆದ್ರೂ ಇಲ್ಲೇ ಹುಟ್ಟಿದ್ದಾನೆ, ಹಾಗಾಗಿ ಪೌರನೇ ಅಂತ 1898ರಲ್ಲಿ ತೀರ್ಪಾಯಿತು. 1868ರಲ್ಲಿ ಸಂವಿಧಾನಕ್ಕೆ ಬಂದ ಹದಿನಾಲ್ಕನೇ ತಿದ್ದುಪಡಿಯ ಬಲ ಅದು. ಅದನ್ನು ತಂದದ್ದು ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರಿಗಾಗಿ. ಅಟ್ಲಾಂಟಾ ಅಕ್ಕ ಹೇಳಿದವರ ಹೋರಾಟದ ಫಲ ನಮ್ಮ ಮಗಳು ಉಣ್ಣುತ್ತಿದ್ದಾಳೆ. ನಮ್ಮ ಸಮ್ಮೇಳನಗಳಲ್ಲಿ ಇದನ್ನು ಯಾರಾದ್ರೂ ಹೇಳಿದ್ದು ಕೇಳಿದ್ದೀರಾ?

ಮೈಸೂರು_ಮಾವ:

ಊರಲ್ಲೇ ಇರುವವನು ನಾನು, ಮಗ ಮಾತ್ರ ಅಲ್ಲಿದ್ದಾನೆ. ಮಧ್ಯೆ ಬಾಯಿ ಹಾಕಬಹುದಾ?

ಅಮೆರಿಕಕ್ಕೆ ಬೈಯುವ ಮೊದಲು ನಮ್ಮದನ್ನೂ ನೋಡಿ. 1987ರ ಜುಲೈವರೆಗೆ ಭಾರತದಲ್ಲಿ ಹುಟ್ಟಿದ್ದರೆ ಸಾಕಿತ್ತು, ಭಾರತೀಯ. ಆಮೇಲೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು ಅಂತಾಯಿತು. 2004ರ ಡಿಸೆಂಬರಿನಿಂದ ಇನ್ನೊಬ್ಬರು ಅಕ್ರಮವಾಗಿ ಬಂದವರಾಗಿರಬಾರದು ಅಂತಲೂ ಸೇರಿತು. ನೆಲದಿಂದ ರಕ್ತದ ಕಡೆಗೆ ಹೋದದ್ದು ನಾವು. ಹೊರದೇಶದ ಪೌರರಾದ ಭಾರತ ಮೂಲದವರಿಗೆ ಕೊಡುವ, ನೀವೆಲ್ಲ ಇಟ್ಟುಕೊಂಡಿರುವ ಒಸಿಐ ಕಾರ್ಡು ಕೂಡ ವಂಶದ ಮೇಲೇ. ಮುತ್ತಜ್ಜ ಭಾರತದವರಾಗಿದ್ದರೂ ಸಿಗುತ್ತದೆ. ಮತ ಹಾಕುವ ಹಾಗಿಲ್ಲ, ಹೊಲ ಗದ್ದೆ ಕೊಳ್ಳುವ ಹಾಗಿಲ್ಲ, ಅದು ಬೇರೆ.

ವಂಶ ಬೇಕು ಅನ್ನಿಸುವುದು ತಪ್ಪಲ್ಲ. ನಾನು ಚಿಕ್ಕವನಿದ್ದಾಗ ಸುಗ್ಗಿ ಮುಗಿದ ಮೇಲೆ ನಮ್ಮ ಹಳ್ಳಿಗೆ ಹೆಳವರು ಎತ್ತಿನ ಮೇಲೆ ಬರುತ್ತಿದ್ದರು. ಜಗುಲಿ ಮುಂದೆ ನಿಂತು ನಮ್ಮ ಮನೆತನದ ಹೆಸರುಗಳನ್ನು ಒಂದರ ಹಿಂದೆ ಒಂದು ಹೇಳುವರು. ಯಾವ ಊರಿಂದ ಬಂದಿರಿ, ಯಾಕೆ ಊರು ಬಿಟ್ಟಿರಿ, ಎಲ್ಲ. ಹೊಸದಾಗಿ ಹುಟ್ಟಿದವರ ಹೆಸರು ಕೇಳಿ ಸೇರಿಸಿಕೊಂಡು, ಕೊಟ್ಟ ಕಾಳು ಕಟ್ಟಿಕೊಂಡು ಮುಂದಿನ ಮನೆಗೆ ಹೋಗುವರು. ಗಮನಿಸಿ, ನಮ್ಮವರು ಮೊದಲು ಈ ಊರವರಲ್ಲ ಅನ್ನುವುದನ್ನೂ ಆ ಹೆಳವನೇ ಹೇಳುತ್ತಿದ್ದ. ಹಾಗಂತ ಯಾರೂ ನಮ್ಮನ್ನು ಊರಿಂದ ಓಡಿಸಲಿಲ್ಲ.

ವಿಸ್ಕಾನ್ಸಿನ್_ವಾಸಿ:

ಮಾವನ ಮಾತು ಚೆನ್ನಾಗಿದೆ. ನಾನಿರುವ ಕಡೆ ಜರ್ಮನ್ನರ ವಂಶದವರೇ ಜಾಸ್ತಿ. ಈಗ ಅವರನ್ನು ಯಾರೂ ಹೊರಗಿನವರು ಅನ್ನಲ್ಲ. ನೂರು ವರ್ಷದ ಹಿಂದೆ ಹಾಗಿರಲಿಲ್ಲ. 1915ರಲ್ಲಿ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ನ್ಯೂಯಾರ್ಕಿನಲ್ಲಿ ನಿಂತು, ಜರ್ಮನ್-ಅಮೆರಿಕನ್, ಐರಿಶ್-ಅಮೆರಿಕನ್ ಅಂತ ಗೆರೆ ಹಾಕಿಕೊಳ್ಳುವವರಿಗೆ ಈ ದೇಶದಲ್ಲಿ ಜಾಗ ಇಲ್ಲ ಅಂದರು. ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದ ಮೇಲೆ ಇನ್ನೂ ಅತಿಯಾಯಿತು. ಜರ್ಮನ್ನರ ಹುಳಿ ಕೋಸಿಗೂ 'ಲಿಬರ್ಟಿ ಕ್ಯಾಬೇಜ್' ಅಂತ ನಾಮಕರಣ ಮಾಡಿದರು! ನೆಬ್ರಾಸ್ಕದಲ್ಲಿ ಎಂಟನೇ ಕ್ಲಾಸ್ ಮುಗಿಯುವವರೆಗೆ ಮಕ್ಕಳಿಗೆ ಬೇರೆ ಭಾಷೆ ಕಲಿಸಬಾರದು ಅಂತ 1919ರಲ್ಲಿ ಕಾನೂನು ಬಂತು. ರಾಬರ್ಟ್ ಮೇಯರ್ ಅನ್ನುವ ಮೇಷ್ಟ್ರು 10 ವರ್ಷದ ಹುಡುಗನಿಗೆ ಜರ್ಮನ್ ಓದಿಸುತ್ತಿದ್ದಾಗ ಸಿಕ್ಕಿಬಿದ್ದರು, ದಂಡ ಬಿತ್ತು. 1923ರ ಜೂನಿನಲ್ಲಿ ಸುಪ್ರೀಂ ಕೋರ್ಟು ಆ ಕಾನೂನನ್ನೇ ತೆಗೆದುಹಾಕಿತು. ಅಂದ್ರೆ ಕಾವೇರಿಯವರು ಹೇಳಿದ ಥಿಂಡ್ ತೀರ್ಪಿನ ನಾಲ್ಕು ತಿಂಗಳಾದ ಮೇಲೆ, ಅದೇ ಕೋರ್ಟು. ಭಾನುವಾರ ನಮ್ಮ ಮಕ್ಕಳು 'ಅ ಆ ಇ ಈ' ತಿದ್ದುತ್ತಾರಲ್ಲ, ಅವರ ಬೆನ್ನಿಗೂ ಆ ತೀರ್ಪಿದೆ.

ಇನ್ನೊಂದು ಮಜಾ ಕೇಳಿ. ನಿಮ್ಮ ಪೂರ್ವಜರು ಯಾರು ಅಂತ ಜನಗಣತಿಯಲ್ಲಿ ಮೊದಲು ನೇರವಾಗಿ ಕೇಳಿದ್ದು 1980ರಲ್ಲಿ. ಆಗ ಸುಮಾರು 5 ಕೋಟಿ ಜನ ಇಂಗ್ಲಿಷ್ ಮೂಲ ಅಂದರು. 1990ರಲ್ಲಿ ಅದು 3.3 ಕೋಟಿಗೆ ಇಳಿಯಿತು. ಅಷ್ಟು ಜನ ಎಲ್ಲಿ ಹೋದರು? ಎಲ್ಲೂ ಹೋಗಲಿಲ್ಲ. ಫಾರಂನಲ್ಲಿ ಉದಾಹರಣೆಗೆ ಕೊಟ್ಟಿದ್ದ ಹೆಸರುಗಳು ಬದಲಾಗಿದ್ದವು, ಅದೂ ಒಂದು ಕಾರಣ. 2020ರಲ್ಲಿ ಬೇರೆ ಥರ ಕೇಳಿದರು, ಇಂಗ್ಲಿಷ್ ಮತ್ತೆ 4.66 ಕೋಟಿಗೆ ಏರಿ ಜರ್ಮನ್ನರನ್ನು ಹಿಂದೆ ಹಾಕಿತು. ಇನ್ನು ಕೆಂಟಕಿ, ಟೆನೆಸ್ಸಿ ಕಡೆ ತುಂಬಾ ಜನ ಮೂಲ ಯಾವುದು ಅಂದ್ರೆ 'ಅಮೆರಿಕನ್' ಅಂತಲೇ ಬರೆಯುತ್ತಾರೆ. ನಮ್ಮವರ ಪಾಡು ಇನ್ನೂ ಚೆಂದ. 1920ರಿಂದ 1940ರವರೆಗೆ ಸಿಖ್ಖರಿರಲಿ, ಮುಸ್ಲಿಮರಿರಲಿ, ಎಲ್ಲರೂ 'ಹಿಂದೂ' ಅನ್ನುವ ಜನಾಂಗ. 1970ರಲ್ಲಿ ಬಿಳಿಯರ ಲೆಕ್ಕ. 1980ರಲ್ಲಿ 'ಏಷ್ಯನ್ ಇಂಡಿಯನ್'. ಥಿಂಡ್ 1970ಕ್ಕೆ ಮೂರು ವರ್ಷ ಮುಂಚೆ ತೀರಿಕೊಂಡರು, ಪಾಪ.

ಕಾವೇರಿ_ಸ್ಯಾಕ್ರಮೆಂಟೊ:

ನಾನು ಹೇಳಬೇಕೆಂದಿದ್ದ ಮುಖ್ಯ ಮಾತು ಉಳಿದೇ ಹೋಯಿತು.

ಥಿಂಡ್ ಕೋರ್ಟಿನಲ್ಲಿ ಏನು ವಾದ ಮಾಡಿದರು ಅಂತ ನೋಡಿ. ಬಣ್ಣ ನೋಡಿ ಪೌರತ್ವ ಕೊಡುವುದೇ ತಪ್ಪು ಅನ್ನಲಿಲ್ಲ. ತಾವು ಮೇಲ್ಜಾತಿಯವರು, ಆರ್ಯರು, ಹಾಗಾಗಿ ಬಿಳಿಯರೇ ಅಂದರು. ಅಮೆರಿಕದವರು ಕರಿಯರ ಜೊತೆ ಹೇಗೆ ಮದುವೆ ಸಂಬಂಧ ಬೆಳೆಸುವುದಿಲ್ಲವೋ ಹಾಗೆ ನಮ್ಮ ಮೇಲ್ಜಾತಿಯವರೂ ಭಾರತದ ಮೂಲನಿವಾಸಿಗಳ ಜೊತೆ ಬೆಳೆಸುವುದಿಲ್ಲ ಅಂತ ಅವರ ಪರವಾದ ಅರ್ಜಿಯಲ್ಲೇ ಇದೆ. ಓದಿದರೆ ಮೈ ಉರಿಯುತ್ತದೆ. ನನಗೆ ಅವರ ಮೇಲೆ ಮರುಕ ಇದೆ, ಆದ್ರೆ ಇದನ್ನು ಮುಚ್ಚಿಟ್ಟು ಅವರನ್ನು ಹೀರೋ ಮಾಡುವುದು ನನ್ನಿಂದಾಗಲ್ಲ.

ಈಗ ಪಕ್ಕದಲ್ಲಿ ವಾಂಗ್ ಕಿಮ್ ಆರ್ಕ್ ಇಟ್ಟು ನೋಡಿ. ಅವನು ಅಜ್ಜ ಮುತ್ತಜ್ಜರ ಸುದ್ದಿ ಎತ್ತಲಿಲ್ಲ. ಇಲ್ಲಿ ಹುಟ್ಟಿದೆ, ಅಷ್ಟೇ ಅಂದ. ಗೆದ್ದ. ತಾವೂ ಬಿಳಿಯರ ಸಾಲಿಗೇ ಸೇರುತ್ತೇವೆ ಅಂತ ಹೋದ ಒಜಾವ, ಥಿಂಡ್ ಇಬ್ಬರೂ ಸೋತರು. ಅದಕ್ಕೇ ಹೇಳುವುದು, 'ನಾವೂ ಐದು ಸಾವಿರ ವರ್ಷದ ಸಂಸ್ಕೃತಿಯವರು' ಅಂತ ನಮ್ಮ ಜನ ವ್ಯಾನ್ಸ್‌ಗೆ ಉತ್ತರ ಕೊಡಲು ಹೋಗಬಾರದು. ಅದು ಅವರ ತಕ್ಕಡಿ. ಅದರಲ್ಲಿ ಕೂತರೆ ನಮ್ಮ ತೂಕ ಯಾವಾಗಲೂ ಕಮ್ಮಿಯೇ.

ಅಟ್ಲಾಂಟಾ_ಅಕ್ಕ:

ಕಾವೇರಿ, ನೂರಕ್ಕೆ ತೊಂಬತ್ತು ಒಪ್ಪಿದೆ. ಉಳಿದ ಹತ್ತಕ್ಕೆ ಜಾನ್ ಎಲ್ಕ್ ಕಥೆ ನೋಡಿ. ಮೂಲನಿವಾಸಿ ಬುಡಕಟ್ಟಿನಲ್ಲಿ ಹುಟ್ಟಿದವನು. ಬುಡಕಟ್ಟು ಬಿಟ್ಟು ನೆಬ್ರಾಸ್ಕದ ಒಮಾಹದಲ್ಲಿ ಬದುಕುತ್ತಿದ್ದ. ಮತ ಹಾಕಲು ಹೆಸರು ನೋಂದಾಯಿಸಲು ಹೋದ, ಬಿಡಲಿಲ್ಲ. ನಾನು ಈ ನೆಲದಲ್ಲೇ ಹುಟ್ಟಿದ್ದೇನಲ್ಲ ಅಂದ. 1884ರಲ್ಲಿ ಸುಪ್ರೀಂ ಕೋರ್ಟು, ನೀನು ಹುಟ್ಟಿದ್ದು ಬುಡಕಟ್ಟಿನ ಅಧೀನದಲ್ಲಿ, ಹಾಗಾಗಿ ಪೌರನಲ್ಲ ಅಂದಿತು. ಎಲ್ಲರಿಗಿಂತ ಆಳವಾದ ಬೇರಿದ್ದವನು ನೆಲದ ವಾದ ಹೂಡಿಯೂ ಸೋತ. ಮೂಲನಿವಾಸಿಗಳೆಲ್ಲರಿಗೂ ಪೌರತ್ವ ಸಿಕ್ಕಿದ್ದು 1924ರಲ್ಲಿ.

ಅವರಿಗೆ ವಂಶ ಅನ್ನುವುದು ಜಂಬದ ವಿಷಯ ಅಲ್ಲ. ಅನೇಕ ಬುಡಕಟ್ಟುಗಳಲ್ಲಿ ಸದಸ್ಯತ್ವ ಇವತ್ತಿಗೂ ವಂಶದ ಮೇಲೇ ನಿಂತಿದೆ. ಜಮೀನು, ಒಪ್ಪಂದದ ಹಕ್ಕು ಎಲ್ಲ ಅದಕ್ಕೆ ಅಂಟಿಕೊಂಡಿವೆ. ಹಾಗಾಗಿ 'ವಂಶ ಬಿಟ್ಟಾಕಿ' ಅಂತ ಎಲ್ಲರಿಗೂ ಒಂದೇ ಉಸಿರಲ್ಲಿ ಹೇಳಲು ಬರಲ್ಲ. ಯಾರು ಕೇಳುತ್ತಿದ್ದಾರೆ, ಯಾಕೆ ಕೇಳುತ್ತಿದ್ದಾರೆ ನೋಡಬೇಕು. ತಮ್ಮದನ್ನು ಉಳಿಸಿಕೊಳ್ಳಲು ಕೇಳುವುದು ಬೇರೆ, ಪಕ್ಕದವನನ್ನು ಹೊರಗಿಡಲು ಕೇಳುವುದು ಬೇರೆ.

ಕಾವೇರಿ_ಸ್ಯಾಕ್ರಮೆಂಟೊ:

ಅಕ್ಕಾ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಎಲ್ಕ್ ತೀರ್ಪು ಪೂರ್ತಿ ಓದಿ ಬರುತ್ತೇನೆ.

ಡೇಟನ್_ಕನ್ನಡಿಗ:

ಇಷ್ಟೆಲ್ಲ ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಆ ಸಹೋದ್ಯೋಗಿಯ ತಾಯಿಗೆ ಮರಿಯನ್ ಆಂಡರ್ಸನ್ ವಿಷಯ ಕೇಳೇಬಿಟ್ಟೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ, ಆಗಲಿಲ್ಲ. ನಮ್ಮ ಸಂಘಕ್ಕೆ ಅದು ಅವಮಾನದ ವಿಷಯ ಅಂದರು. ಮೊದಲ ಕರಿಯ ಸದಸ್ಯೆ ಅಂತ ಗೊತ್ತಿರುವವರು ಸೇರಿದ್ದು 1977ರಲ್ಲಿ ಅಂತ ಅವರೇ ಹೇಳಿದರು. ನನಗೆ ಅನ್ನಿಸಿದ್ದು, ಅವರ ಗೋರಿಗಳ ಮೇಲೆ ನನಗೆ ತಕರಾರಿಲ್ಲ. ಅದನ್ನು ತೋರಿಸಿ ನನ್ನ ಓಟಿಗೆ ಬೆಲೆ ಕಟ್ಟಲು ಬಂದರೆ ಮಾತ್ರ ಜಗಳ.

ನಾಗು, ನಿಮ್ಮ ಪ್ರಶ್ನೆ ಬಾಕಿ ಇದೆ. ಹದಿನಾಲ್ಕನೇ ತಿದ್ದುಪಡಿ ಬಗ್ಗೆ ನಮ್ಮ ಕನ್ನಡ ಕೂಟದಲ್ಲಂತೂ ಯಾರೂ ಮಾತಾಡಿದ್ದು ನಾನು ಕೇಳಿಲ್ಲ. ರಾಜ್ಯೋತ್ಸವದ ಕಾರ್ಯಕ್ರಮದಲ್ಲಿ ಹದಿನೈದು ನಿಮಿಷ ಕೊಡಿ ಅಂತ ಸಮಿತಿಗೆ ಬರೆದಿದ್ದೇನೆ. ಅಟ್ಲಾಂಟಾ ಅಕ್ಕ, ಜೂಮ್‌ನಲ್ಲಿ ಬರ್ತೀರಾ?

ಅಟ್ಲಾಂಟಾ_ಅಕ್ಕ:

ಬರ್ತೀನಿ. ಆದ್ರೆ ಡ್ಯಾನ್ಸ್ ಕಾರ್ಯಕ್ರಮಕ್ಕೆ ಮುಂಚೆ ಇಡಿ. ಆಮೇಲೆ ಇಟ್ಟರೆ ಎಲ್ಲರೂ ಊಟದ ಸಾಲಲ್ಲಿರ್ತಾರೆ.